ಬೇಸ್‌ಮೆಂಟ್ ಬೆಡ್‌ರೂಮಿಗೆ ಎಗ್ರೆಸ್ ಕಿಟಕಿ: ದುಡ್ಡು ಹೋಗುವುದು ಎಲ್ಲಿಗೆ?

ಓದುಗರ ಪ್ರಶ್ನೆ: ನಾವು ಮಿಶಿಗನ್‌ನ ನೋವೈಯಲ್ಲಿದ್ದೇವೆ. ಮನೆ 1998ರದ್ದು. ಬೇಸ್‌ಮೆಂಟಿನ ಗೋಡೆ ಎಂಟು ಇಂಚಿನ ಕಾಂಕ್ರೀಟ್. ಮೇ ತಿಂಗಳಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಾರೆ, ಆರು ತಿಂಗಳು ಇರುತ್ತಾರೆ. ಬೇಸ್‌ಮೆಂಟಿನಲ್ಲಿ ಅವರಿಗೊಂದು ರೂಮು ಮಾಡಿದ್ದೇವೆ. ಮೇಲ್ಗಡೆ 32 ಇಂಚು ಅಗಲದ ಒಂದು ಸಣ್ಣ ಕಿಟಕಿ ಮಾತ್ರ ಇದೆ. ಎಗ್ರೆಸ್ ಕಿಟಕಿ, ಅಂದರೆ ಬೆಂಕಿ ಬಿದ್ದರೆ ತಪ್ಪಿಸಿಕೊಂಡು ಹೊರಬರಲು ಆಗುವಷ್ಟು ದೊಡ್ಡ ಕಿಟಕಿ, ಬೇಕೇಬೇಕು ಎಂದು ಗೆಳೆಯರು ಹೇಳಿದರು. ಮೂರು ಜನರಿಂದ ಕೊಟೇಶನ್ ತಗೊಂಡೆವು. ಮೊದಲನೆಯವರು 2,900 ಡಾಲರ್ ಅಂದರು, ಒಂದೇ ಸಾಲಿನಲ್ಲಿ ಬರೆದು ಕೊಟ್ಟಿದ್ದಾರೆ. ಎರಡನೆಯವರು 5,200. ಈಗಿನ ಕಿಟಕಿಯನ್ನೇ ಕೆಳಕ್ಕೆ ಕತ್ತರಿಸುತ್ತಾರೆ, ಪರ್ಮಿಟ್ ಮತ್ತು ನೀರಿನ ಡ್ರೇನ್ ಸೇರಿದೆ. ಮೂರನೆಯವರು 8,400. ಬೇರೆ ಗೋಡೆಯಲ್ಲಿ ನಾಲ್ಕಡಿ ಅಗಲದ ಹೊಸ ಕಿಟಕಿ, ಮೆಟ್ಟಿಲಿನಂಥ ವಿಂಡೋ ವೆಲ್ (ಕಿಟಕಿಯ ಹೊರಗೆ ತೋಡಿದ ಗುಂಡಿಗೆ ಕೂರಿಸುವ ಆವರಣ). ಇಷ್ಟು ವ್ಯತ್ಯಾಸ ಯಾಕೆ? ಅಮ್ಮನಿಗೆ ಮಂಡಿನೋವು ಬೇರೆ. ಆರು ತಿಂಗಳಿಗೆ ಇಷ್ಟೆಲ್ಲ ಖರ್ಚು ಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಕು. ಆರು ತಿಂಗಳಿಗೂ ಬೇಕು, ಆರು ರಾತ್ರಿಗೂ ಬೇಕು. ಕಿಟಕಿ ಆಗುವ ತನಕ ಆ ರೂಮಿನಲ್ಲಿ ಯಾರನ್ನೂ ಮಲಗಿಸಬೇಡಿ.

ಕಾರಣ ನಿಮ್ಮ ಮನೆಯಲ್ಲೇ ಇದೆ, ನೋಡಿ. ಇಲ್ಲಿನ ಎಷ್ಟೋ ಮನೆಗಳಲ್ಲಿ ಬೇಸ್‌ಮೆಂಟಿನ ಮೆಟ್ಟಿಲು ಹತ್ತಿದರೆ ಸಿಗುವುದು ಅಡುಗೆಮನೆ. ಅಮೆರಿಕದ ಮನೆಗಳಲ್ಲಿ ಬೆಂಕಿ ಹೊತ್ತಿಕೊಳ್ಳಲು ಎಲ್ಲಕ್ಕಿಂತ ದೊಡ್ಡ ಕಾರಣವೇ ಅಡುಗೆ. ಮೆಟ್ಟಿಲ ಬುಡದಲ್ಲಿ ಫರ್ನೇಸು, ವಾಟರ್ ಹೀಟರು ಇರುತ್ತವೆ. ಮೇಲೆ ಹೊತ್ತಿಕೊಂಡರೂ ಕೆಳಗೆ ಹೊತ್ತಿಕೊಂಡರೂ ಮೊದಲು ಮುಚ್ಚಿಹೋಗುವುದು ಆ ಒಂದು ದಾರಿ. ಈಗಿನ ಸೋಫಾ, ಕಾರ್ಪೆಟ್ಟು, ಹಾಸಿಗೆ ಎಲ್ಲ ಫೋಮು, ಪ್ಲಾಸ್ಟಿಕ್ಕು. ಅವು ಬೇಗ ಉರಿಯುತ್ತವೆ, ದಟ್ಟ ಹೊಗೆ ಬಿಡುತ್ತವೆ. ಹೊರಗೆ ಹೋಗಲು ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಎರಡನೇ ದಾರಿ ಇರಬೇಕು. ಎಗ್ರೆಸ್ ಕಿಟಕಿ ಅಂದರೆ ಅದೇ ಎರಡನೇ ದಾರಿ. ಒಳಗಿರುವವರು ಹೊರಗೆ ಬರಲಿಕ್ಕೂ ಬೇಕು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಫೈರ್‌ಮ್ಯಾನ್ ಒಳಗೆ ಇಳಿಯಲಿಕ್ಕೂ ಬೇಕು. ಕೋಡಿನಲ್ಲಿ, ಅಂದರೆ ಕಟ್ಟಡದ ನಿಯಮಗಳಲ್ಲಿ, ಅಷ್ಟು ದೊಡ್ಡ ಅಳತೆ ಇರುವುದು ಅದಕ್ಕೇ.

ಅಳತೆಗಳನ್ನು ಗೊತ್ತುಮಾಡಿಕೊಳ್ಳಿ. ಕೊಟೇಶನ್ ಓದಲು ಇವು ಬೇಕು. ಅಮೆರಿಕದ ಹೆಚ್ಚಿನ ಊರುಗಳ ಹಾಗೆ ಮಿಶಿಗನ್ ಕೂಡ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಆಧರಿಸಿಯೇ ತನ್ನ ಕೋಡ್ ಮಾಡಿಕೊಂಡಿದೆ. ಕಿಟಕಿ ಪೂರ್ತಿ ತೆರೆದಾಗ ಸಿಗುವ ಖಾಲಿ ಜಾಗ 5.7 ಚದರ ಅಡಿ ಇರಬೇಕು. ನೆಲಮಟ್ಟದಲ್ಲಿರುವ ಅಥವಾ ಅದಕ್ಕಿಂತ ಕೆಳಗಿರುವ ಕಿಟಕಿಗೆ 5 ಚದರ ಅಡಿ ಸಾಕು ಎನ್ನುವ ಊರುಗಳೂ ಇವೆ. ಆದರೆ ನೀವು 5.7ಕ್ಕೇ ಗುರಿಯಿಡಿ. ಖಾಲಿ ಜಾಗದ ಎತ್ತರ ಕನಿಷ್ಠ 24 ಇಂಚು, ಅಗಲ ಕನಿಷ್ಠ 20 ಇಂಚು. ಕಿಟಕಿಯ ಸಿಲ್, ಅಂದರೆ ಕೆಳಗಿನ ಅಂಚು, ಒಳನೆಲದಿಂದ 44 ಇಂಚಿಗಿಂತ ಮೇಲಿರಬಾರದು.

ಇಲ್ಲಿ ತುಂಬಾ ಜನ ಎಡವುತ್ತಾರೆ. 20 ಇಂಟು 24 ಇಂಚಿನ ಕಿಟಕಿ ತಂದರೆ ಆಯಿತಲ್ಲ ಎಂದುಕೊಳ್ಳುತ್ತಾರೆ. ಗುಣಿಸಿ ನೋಡಿ, ಬರುವುದು 3.3 ಚದರ ಅಡಿ ಮಾತ್ರ. ಅಗಲ 20 ಇಂಚೇ ಇಟ್ಟರೆ 5.7 ಮುಟ್ಟಲು ಎತ್ತರ 41 ಇಂಚು ಬೇಕು. ಕಿಟಕಿಯ ಬಗೆಯೂ ಮುಖ್ಯ. ಪಕ್ಕಕ್ಕೆ ಸರಿಯುವ ಸ್ಲೈಡರ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ಹಾಗಾಗಿ ಅದಕ್ಕೆ ಗೋಡೆಯಲ್ಲಿ ಜಾಸ್ತಿ ಅಗಲ ಕತ್ತರಿಸಬೇಕು. ಬಾಗಿಲಿನ ಹಾಗೆ ತೆರೆಯುವ ಕೇಸ್‌ಮೆಂಟ್ ಕಿಟಕಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ. ಕಿಟಕಿಗೆ ನೂರಿನ್ನೂರು ಡಾಲರ್ ಜಾಸ್ತಿ ಆದರೂ ಕಾಂಕ್ರೀಟ್ ಕತ್ತರಿಸುವುದರಲ್ಲಿ ಆ ದುಡ್ಡು ಉಳಿಯುತ್ತದೆ. ನಿಮ್ಮ 32 ಇಂಚು ಅಗಲದ ತೆರಪಿಗೆ ಕೇಸ್‌ಮೆಂಟೇ ಸರಿ. ಕಂಪನಿಯ ಕ್ಯಾಟಲಾಗಿನಲ್ಲಿ 'ನೆಟ್ ಕ್ಲಿಯರ್ ಓಪನಿಂಗ್' ಎಂದು ಒಂದು ಅಂಕಿ ಕೊಟ್ಟಿರುತ್ತಾರೆ. ಚೌಕಟ್ಟಿನ ಅಳತೆ ಬಿಟ್ಟು ಆ ಅಂಕಿಯನ್ನೇ ನೋಡಿ.

ಹೊರಗಿನ ಗುಂಡಿಗೂ ನಿಯಮ ಇದೆ. ವಿಂಡೋ ವೆಲ್ ಕನಿಷ್ಠ 9 ಚದರ ಅಡಿ ಇರಬೇಕು. ಅಗಲವೂ, ಗೋಡೆಯಿಂದ ಹೊರಚಾಚುವ ಉದ್ದವೂ 36 ಇಂಚಿಗೆ ಕಡಿಮೆ ಇರಬಾರದು. ಆಳ 44 ಇಂಚು ದಾಟಿದರೆ ಗೋಡೆಗೆ ಕೂತ ಏಣಿ ಅಥವಾ ಮೆಟ್ಟಿಲು ಬೇಕೇಬೇಕು. ಮೇಲೆ ಮುಚ್ಚಳವನ್ನೋ ಕಂಬಿಯನ್ನೋ ಹಾಕಿದರೆ, ಅದನ್ನು ಒಳಗಿನಿಂದ ಕೀಲಿಯಿಲ್ಲದೆ, ಯಾವ ಸಲಕರಣೆಯೂ ಇಲ್ಲದೆ ತೆಗೆಯಲು ಬರಬೇಕು.

ಈಗ ದುಡ್ಡಿನ ಮಾತು. ಕಿಟಕಿಗೆ ಇಷ್ಟೊಂದು ದುಡ್ಡಾ ಎಂದು ಎಲ್ಲರೂ ಕೇಳುತ್ತಾರೆ. ಕಿಟಕಿಯ ಬೆಲೆ ಇದರಲ್ಲಿ ಸಣ್ಣ ಭಾಗ. 350ರಿಂದ 1,000 ಡಾಲರಿಗೆ ಒಳ್ಳೆಯ ಕಿಟಕಿ ಸಿಗುತ್ತದೆ. ಉಳಿದ ದುಡ್ಡೆಲ್ಲ ಮಣ್ಣಿಗೆ, ಕಾಂಕ್ರೀಟಿಗೆ, ನೀರಿಗೆ ಹೋಗುತ್ತದೆ. ಮುಂದೆ ಕೊಡುವ ಅಂಕಿಗಳು ನಿಮ್ಮ ಮನೆಯಂಥ ಮನೆಗೆ ನಾನು ಹಾಕುವ ಅಂದಾಜು. ಊರಿಂದ ಊರಿಗೆ, ಕೆಲಸದ ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತವೆ.

ಅಗೆಯಲು 600ರಿಂದ 1,500. ಮನೆಯ ಪಕ್ಕದಲ್ಲಿ ಸಣ್ಣ ಯಂತ್ರ ಹೋಗಲು ಜಾಗ ಇದ್ದರೆ ಕಡಿಮೆ. ಬೇಲಿ, ಗಿಡ, ಎ.ಸಿ. ಯೂನಿಟ್ಟು ಅಡ್ಡ ಬಂದರೆ ಕೈಯಲ್ಲೇ ಅಗೆಯಬೇಕು, ಕೂಲಿ ಏರುತ್ತದೆ. ಎ.ಸಿ. ಯೂನಿಟ್ಟನ್ನೇ ಸರಿಸಬೇಕಾದರೆ ಅದು ಬೇರೆಯೇ ಖರ್ಚು. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಲೇಬೇಕು. ಮಿಶಿಗನ್‌ನಲ್ಲಿ ಇದಕ್ಕೆ ಮಿಸ್ ಡಿಗ್ ಅನ್ನುತ್ತಾರೆ. ಮೂರು ಕೆಲಸದ ದಿನ ಮುಂಚೆ ತಿಳಿಸಿದರೆ ಗ್ಯಾಸು, ಕರೆಂಟು, ಕೇಬಲ್ ಲೈನುಗಳು ಎಲ್ಲಿವೆ ಎಂದು ಬಂದು ಬಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರೆ. ಇದು ಪುಕ್ಕಟೆ. ಗುರುತು ಬೀಳದೆ ಗುದ್ದಲಿ ಹಾಕುವವರನ್ನು ಅಲ್ಲೇ ನಿಲ್ಲಿಸಿ.

ಗೋಡೆ ಕತ್ತರಿಸಲು 700ರಿಂದ 1,500. ಮೂರಡಿ ಅಗಲ, ನಾಲ್ಕಡಿ ಎತ್ತರ, ಎಂಟಿಂಚು ದಪ್ಪದ ಕಾಂಕ್ರೀಟ್ ತುಂಡು ಸುಮಾರು 1,200 ಪೌಂಡ್ ತೂಗುತ್ತದೆ. ಅಂದರೆ ಅರ್ಧ ಟನ್ನಿಗಿಂತ ಜಾಸ್ತಿ. ವಜ್ರದ ಹಲ್ಲಿನ ಗರಗಸಕ್ಕೆ ನೀರು ಬಿಡುತ್ತಾ ಕತ್ತರಿಸಬೇಕು. ನೀರು ಬಿಡದೆ ಕತ್ತರಿಸಿದರೆ ಏಳುವ ಧೂಳು ಶ್ವಾಸಕೋಶಕ್ಕೆ ನಿಜವಾಗಿ ಅಪಾಯ, ಅದರಲ್ಲಿ ಸಿಲಿಕಾ ಇರುತ್ತದೆ. ಆಮೇಲೆ ಆ ತುಂಡುಗಳನ್ನು ಒಡೆದು ಸಾಗಿಸಬೇಕು.

ನಿಮ್ಮ ಮೂರು ಕೊಟೇಶನ್‌ಗಳ ನಡುವಿನ ಅಂತರಕ್ಕೆ ದೊಡ್ಡ ಕಾರಣ ಇಲ್ಲೇ ಇದೆ. ಈಗಿರುವ ಕಿಟಕಿಯ ಅಗಲವನ್ನು ಹಾಗೇ ಇಟ್ಟು ಕೆಳಕ್ಕೆ ಮಾತ್ರ ಕತ್ತರಿಸಿದರೆ, ಮೇಲಿನ ಭಾರ ಹೊರುವ ವ್ಯವಸ್ಥೆಗೆ ಕೈ ಹಚ್ಚಬೇಕಿಲ್ಲ. ಅಗಲ ಹೆಚ್ಚಿಸಿದರೆ ಅಥವಾ ಹೊಸ ಜಾಗದಲ್ಲಿ ಕತ್ತರಿಸಿದರೆ ಮೇಲಿನ ಮನೆಯ ಭಾರ ಎಲ್ಲಿ ಬೀಳುತ್ತದೆ ಎಂದು ನೋಡಬೇಕು. ನೆಲದ ಜಾಯಿಸ್ಟುಗಳು, ಅಂದರೆ ಮೇಲಿನ ನೆಲವನ್ನು ಹೊರುವ ತೊಲೆಗಳು, ಆ ಗೋಡೆಯ ಮೇಲೆ ಕೂತಿದ್ದರೆ ಲಿಂಟಲ್ ಬೇಕು, ಕತ್ತರಿಸುವಾಗ ತಾತ್ಕಾಲಿಕ ಆಸರೆ ಬೇಕು, ಕೆಲವು ಸಲ ಎಂಜಿನಿಯರ್ ಸಹಿ ಹಾಕಿದ ನಕ್ಷೆಯೂ ಬೇಕು. ಜಾಯಿಸ್ಟುಗಳು ಗೋಡೆಗೆ ಸಮಾನಾಂತರವಾಗಿದ್ದರೆ ಭಾರ ಕಡಿಮೆ. ಬೇಸ್‌ಮೆಂಟಿನಲ್ಲಿ ಸೀಲಿಂಗ್ ಇನ್ನೂ ಹಾಕದ ಮೂಲೆಯಲ್ಲಿ ನಿಂತು ತಲೆ ಎತ್ತಿದರೆ ಜಾಯಿಸ್ಟುಗಳ ದಿಕ್ಕು ನಿಮಗೇ ಕಾಣುತ್ತದೆ.

ವೆಲ್‌ಗೆ ಬರೋಣ. ತಗಡಿನ ಗ್ಯಾಲ್ವನೈಸ್ಡ್ ವೆಲ್ 250 ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಮೆಟ್ಟಿಲಿನ ಆಕಾರದ ಫೈಬರ್ ವೆಲ್ ಸಾವಿರ ದಾಟಿ 1,500 ಮುಟ್ಟಬಹುದು. ಪಾರದರ್ಶಕ ಮುಚ್ಚಳ 150ರಿಂದ 700. ಮುಚ್ಚಳ ಬೇಕು. ಇಲ್ಲದಿದ್ದರೆ ಎಲೆ, ಹಿಮ, ಮೊಲ, ಕೊನೆಗೆ ಆಟವಾಡುವ ಮಕ್ಕಳು ಕೂಡ ಅದರೊಳಗೆ ಬೀಳುತ್ತಾರೆ. ಆದರೆ ಮೇಲೆ ಹಿಮ ಕೂತಾಗಲೂ ಅಮ್ಮನ ಕೈಯಲ್ಲಿ ಎತ್ತಲು ಆಗುವಷ್ಟು ಹಗುರ ಇರಬೇಕು. ಚಳಿಗಾಲದಲ್ಲಿ ಡ್ರೈವ್‌ವೇ ಹಿಮ ತೆಗೆದಾಗಲೆಲ್ಲ ಮುಚ್ಚಳದ ಮೇಲಿನದ್ದನ್ನೂ ತೆಗೆಯಿರಿ.

ನೀರಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಅಗ್ಗದ ಕೊಟೇಶನ್‌ಗಳು ದುಡ್ಡು ಉಳಿಸುವುದೇ ಇಲ್ಲಿ. ನಿಮ್ಮ ಕಡೆಯ ಮಣ್ಣಿನಲ್ಲಿ ಜೇಡಿ ಜಾಸ್ತಿ, ನೀರು ಬೇಗ ಇಂಗುವುದಿಲ್ಲ. ಅಂಥ ಮಣ್ಣಿನಲ್ಲಿ ಐದಡಿ ಗುಂಡಿ ತೆಗೆದು, ತಳಕ್ಕೆ ಒಂದಿಷ್ಟು ಜಲ್ಲಿ ಸುರಿದು ಹೋದರೆ, ಮನೆಯ ಗೋಡೆ ಪಕ್ಕದಲ್ಲೇ ಬಾವಿ ತೋಡಿಟ್ಟ ಹಾಗೆ. ಒಂದು ಜೋರು ಮಳೆಗೆ ಅದು ತುಂಬುತ್ತದೆ. ತುಂಬಿದ ನೀರು ಕಿಟಕಿಯ ಸಂದಿಯಿಂದ ರೂಮಿಗೆ ಇಳಿಯುತ್ತದೆ. ನೀರು ಚೆನ್ನಾಗಿ ಇಂಗುವ ಮರಳು ಮಣ್ಣಾದರೆ ಡ್ರೇನ್ ಇಲ್ಲದಿದ್ದರೂ ಆದೀತು ಎಂದು ಕೋಡ್ ಬಿಡುತ್ತದೆ. ಜೇಡಿಮಣ್ಣಿಗೆ ಆ ರಿಯಾಯಿತಿ ಇಲ್ಲ. ವೆಲ್‌ನ ತಳದಿಂದ ಒಂದು ತೂತಿನ ಪೈಪನ್ನು ಫುಟಿಂಗ್ (ಗೋಡೆಯ ಅಡಿಪಾಯ) ಪಕ್ಕದ ಡ್ರೇನ್ ಟೈಲಿನ (ನೀರು ಸಾಗಿಸುವ ಪೈಪಿನ) ತನಕ ಇಳಿಸಿ, ಸುತ್ತ ಜಲ್ಲಿ ತುಂಬಬೇಕು. ನೀರು ಅಲ್ಲಿಂದ, ಬೇಸ್‌ಮೆಂಟಿನ ನೀರನ್ನು ಹೊರಹಾಕುವ ನಿಮ್ಮ ಸಂಪ್ ಪಂಪಿಗೆ ಹೋಗುತ್ತದೆ. ಇದಕ್ಕಾಗಿ ಇನ್ನೂ ಎರಡು ಮೂರು ಅಡಿ ಕೆಳಗೆ ಅಗೆಯಬೇಕು, ಅದು ಬಹುಮಟ್ಟಿಗೆ ಕೈಕೆಲಸ. 300ರಿಂದ 1,200 ಡಾಲರ್ ಹಿಡಿಯುತ್ತದೆ. ಇದೊಂದನ್ನು ಬಿಡಲೇಬೇಡಿ. ಇವತ್ತು ಬಿಟ್ಟು ನಾಳೆ ಮಾಡಿಸಿದರೆ ವೆಲ್ ಕಿತ್ತು ಮತ್ತೆ ಅಗೆಯಬೇಕು.

ಇನ್ನೆರಡು ಸಣ್ಣ ಕೆಲಸ. ಕಿಟಕಿಯ ಹತ್ತಿರ ಚಾವಣಿಯ ನೀರು ಬೀಳುವ ಪೈಪ್ ಇದ್ದರೆ ಅದನ್ನು ದೂರಕ್ಕೆ ಚಾಚಿ. ಸಂಪ್ ಪಂಪಿಗೆ ಬ್ಯಾಟರಿ ಬ್ಯಾಕಪ್ ಹಾಕಿಸಿ. ಮಳೆ ಜೋರಾದಾಗಲೇ ಕರೆಂಟು ಹೋಗುವುದು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ಮಳೆ ನ್ಯೂಯಾರ್ಕ್ ನಗರದ ಮೇಲೆ ಸುರಿದಾಗ, ಬೇಸ್‌ಮೆಂಟ್ ಮನೆಗಳಲ್ಲೇ 11 ಜನ ತೀರಿಕೊಂಡರು. ನಿಮ್ಮ ಬಡಾವಣೆಯಲ್ಲಿ ರಸ್ತೆ ತುಂಬಿ ನೀರು ಅಂಗಳಕ್ಕೆ ಬರುವ ಅಭ್ಯಾಸ ಇದ್ದರೆ ಕಿಟಕಿ ಎಷ್ಟು ದೊಡ್ಡದಿದ್ದರೂ ಆ ರೂಮು ಮಲಗಲು ತಕ್ಕದ್ದಲ್ಲ. ಅಂಥ ಕಡೆ ನಾನು ಈ ಕೆಲಸ ಮಾಡಿಸಿ ಎಂದು ಹೇಳುವುದಿಲ್ಲ.

ಉಳಿದದ್ದು ಬೇಗ ಮುಗಿಸುತ್ತೇನೆ. ಪರ್ಮಿಟ್ಟಿಗೆ 100ರಿಂದ 300. ಲಿಂಟಲ್ ಬೇಕಾದರೆ 200ರಿಂದ 600. ಒಳಗೆ ಇನ್ಸುಲೇಶನ್, ಡ್ರೈವಾಲ್, ಅಂಚುಪಟ್ಟಿ, ಪೇಂಟ್ ಸೇರಿ 300ರಿಂದ 1,000. ಮಿಕ್ಕ ಮಣ್ಣು ಸಾಗಿಸಿ, ಹಾಳಾದ ಹುಲ್ಲುಹಾಸು ಸರಿಮಾಡಲು 200ರಿಂದ 500. ಎಲ್ಲ ಕೂಡಿಸಿದರೆ ಕಡಿಮೆ ಅಂದರೆ ಮೂರು ಸಾವಿರ, ಜಾಸ್ತಿ ಅಂದರೆ ಹತ್ತು ಸಾವಿರದ ಹತ್ತಿರ. ನಿಮ್ಮ ಮೂರು ಕೊಟೇಶನ್‌ಗಳಲ್ಲಿ ಎರಡು ಈ ಹರವಿನ ಒಳಗಿವೆ, 2,900 ಮಾತ್ರ ಅಂಚಿಗಿಂತ ಕೆಳಗಿದೆ. ಆ ಬೆಲೆಗೆ ಎಲ್ಲವೂ ಸೇರಿರಲು ಸಾಧ್ಯವಿಲ್ಲ. ಒಂದೇ ಸಾಲಿನಲ್ಲಿ ಬರೆದುಕೊಟ್ಟಿದ್ದಾರೆ ಅಂದಿರಿ. ಡ್ರೇನ್, ಮುಚ್ಚಳ, ಒಳಗಿನ ಫಿನಿಶಿಂಗ್, ಪರ್ಮಿಟ್ ಇವುಗಳಲ್ಲಿ ಯಾವುದು ಬಿಟ್ಟಿದ್ದಾರೆ ಕೇಳಿ. ಪರ್ಮಿಟ್ ಬೇಡ ಸುಮ್ನೆ ಮಾಡಿಬಿಡೋಣ ಅಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಮಿಶಿಗನ್‌ನಲ್ಲಿ 600 ಡಾಲರ್ ಅಥವಾ ಅದಕ್ಕಿಂತ ಜಾಸ್ತಿಯ ಇಂಥ ಕೆಲಸಕ್ಕೆ ಕಂಟ್ರಾಕ್ಟರಿಗೆ ರಾಜ್ಯದ ಲೈಸೆನ್ಸ್ ಇರಬೇಕು. ಲಾರಾ ಎನ್ನುವ ರಾಜ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು, ಎರಡು ನಿಮಿಷದ ಕೆಲಸ. ಮನೆ ಎಚ್‌ಓಎ (ಮನೆಮಾಲೀಕರ ಸಂಘ) ಇರುವ ಬಡಾವಣೆಯಲ್ಲಿದ್ದರೆ ಅವರ ಒಪ್ಪಿಗೆಯನ್ನೂ ಬರಹದಲ್ಲಿ ತಗೊಳ್ಳಿ. ವೆಲ್ ಹೊರಗೆ ಕಾಣುತ್ತದೆ, ತಕರಾರು ಬರಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು. ನಿಮ್ಮ ಅಮ್ಮನ ಮಂಡಿನೋವಿನದ್ದು.

ಕೋಡ್ 44 ಇಂಚಿನ ಸಿಲ್‌ಗೆ ಒಪ್ಪುತ್ತದೆ. ಇನ್‌ಸ್ಪೆಕ್ಟರ್ ಟೇಪ್ ಹಿಡಿದು ನೋಡಿ ಪಾಸ್ ಮಾಡುತ್ತಾರೆ. ಆದರೆ 44 ಇಂಚು ಅಂದರೆ 112 ಸೆಂಟಿಮೀಟರ್. ಐದಡಿ ಎತ್ತರದ, ಸೀರೆ ಉಟ್ಟ, ಮಂಡಿ ಮಡಿಸಲು ಕಷ್ಟಪಡುವ ಒಬ್ಬರಿಗೆ ಅದು ಎದೆಮಟ್ಟ. ಕತ್ತಲಲ್ಲಿ, ಹೊಗೆಯಲ್ಲಿ ಅವರು ಅಲ್ಲಿಗೆ ಹತ್ತುವುದು ಹೇಗೆ? ಹತ್ತಲು ಆಗದ ಕಿಟಕಿಗೆ ಐದು ಸಾವಿರ ಸುರಿದು ಏನು ಬಂತು? ಹಾಗಾಗಿ ಕಿಟಕಿಯನ್ನು ಇನ್‌ಸ್ಪೆಕ್ಟರಿಗಾಗಿ ಮಾಡಿಸಬೇಡಿ, ಅಲ್ಲಿ ಮಲಗುವವರ ಮೈಗೆ ತಕ್ಕಂತೆ ಮಾಡಿಸಿ.

ಸಿಲ್ ಅನ್ನು 30–36 ಇಂಚಿಗೆ ಇಳಿಸಿದರೆ ಒಳಗಿನಿಂದ ಹತ್ತುವುದು ಸುಲಭ. ಆದರೆ ಇದರಲ್ಲೊಂದು ಕೊಡುಕೊಳ್ಳುವ ಲೆಕ್ಕ ಇದೆ. ಸಿಲ್ ಕೆಳಗಿಳಿದಷ್ಟೂ ಹೊರಗಿನ ಗುಂಡಿ ಆಳವಾಗುತ್ತದೆ. ಒಟ್ಟು ಹತ್ತಬೇಕಾದ ಎತ್ತರ ಅಷ್ಟೇ ಇರುತ್ತದೆ, ಒಳಗೆ ಉಳಿದದ್ದು ಹೊರಗೆ ಸೇರುತ್ತದೆ. ಹಾಗಾದರೆ ಯಾವ ಕಡೆ ಹತ್ತುವುದು ಅವರಿಗೆ ಸುಲಭ ಎಂದು ನೋಡಬೇಕು. ನನ್ನ ಅಭಿಪ್ರಾಯದಲ್ಲಿ ಹೊರಗೆ. ಅಲ್ಲಿ ಗಾಳಿ ಇರುತ್ತದೆ, ಕೂಗಿದರೆ ಕೇಳಿಸುತ್ತದೆ, ಮೇಲಿನಿಂದ ಯಾರಾದರೂ ಕೈ ಕೊಡಬಹುದು. ಆದರೆ ವೆಲ್‌ಗೆ ನೆಟ್ಟಗಿನ ಕಬ್ಬಿಣದ ಏಣಿ ಬೇಡ. ಮೆಟ್ಟಿಲಿನ ಆಕಾರದ ವೆಲ್ ಬೇಕು, ಜೊತೆಗೆ ಹಿಡಿದುಕೊಳ್ಳಲು ಒಂದು ಗಟ್ಟಿ ಹಿಡಿಕೆ. ಒಳಗೆ ಕಿಟಕಿಯ ಕೆಳಗೆ ಗೋಡೆಗೆ ಸೇರಿಸಿ ಒಂದು ಅಗಲವಾದ ಕಟ್ಟೆಯನ್ನೋ ಎರಡು ಮೆಟ್ಟಿಲನ್ನೋ ಮರದಲ್ಲಿ ಮಾಡಿಸಿ. 44 ಇಂಚಿನ ಲೆಕ್ಕಕ್ಕೆ ಆ ಕಟ್ಟೆಯನ್ನು ನಂಬಬೇಡಿ. ಸಿಲ್ ತಾನೇ ಅಳತೆಯೊಳಗಿರಲಿ, ಕಟ್ಟೆ ಅವರ ಕಾಲಿಗಾಗಿ. ಅದರ ಮೇಲೆ ಸೂಟ್‌ಕೇಸು, ಬಟ್ಟೆ ರಾಶಿ ಸೇರದ ಹಾಗೆ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಅವರ ಕೈಲಾಗುವುದಿಲ್ಲ ಅನ್ನಿಸಿದರೆ, ಮುಖ್ಯ ಮಹಡಿಯಲ್ಲಿ ಆಫೀಸ್ ರೂಮು ಇದ್ದರೆ ಅದನ್ನು ಅವರಿಗೆ ಬಿಟ್ಟುಕೊಡಿ. ಒಂದು ಮಂಚ, ಒಂದು ಪರದೆ ಸಾಕು. ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿಳಿಯುವ ಕಷ್ಟವೂ ತಪ್ಪುತ್ತದೆ. ನಿಮ್ಮ ಲ್ಯಾಪ್‌ಟಾಪು ಬೇಸ್‌ಮೆಂಟಿಗೆ ಇಳಿಯಲಿ. ಇದಕ್ಕೆ ಒಂದು ಡಾಲರ್ ಖರ್ಚಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಇದನ್ನೇ ಯೋಚಿಸುತ್ತಿದ್ದೆ.

ಮಾರುವಾಗ ಈ ದುಡ್ಡು ವಾಪಸ್ ಬರುತ್ತದಾ ಎಂಬ ಪ್ರಶ್ನೆ ನೀವು ಕೇಳಿಲ್ಲ, ಆದರೆ ಕಂಟ್ರಾಕ್ಟರುಗಳು ಹೇಳಿಯೇ ಇರುತ್ತಾರೆ: 'ನಾಲ್ಕು ಬೆಡ್‌ರೂಮಿನ ಮನೆ ಐದಾಗುತ್ತದೆ'. ಅಷ್ಟು ಸುಲಭ ಅಲ್ಲ. 2022ರ ಏಪ್ರಿಲ್ 1ರಿಂದ ಫ್ಯಾನಿ ಮೇ (ಬ್ಯಾಂಕುಗಳಿಂದ ಮನೆಸಾಲಗಳನ್ನು ಕೊಳ್ಳುವ ಸಂಸ್ಥೆ) ಸಾಲದ ಮನೆಗಳಿಗೆ ಆನ್ಸಿ ಎಂಬ, ವಿಸ್ತೀರ್ಣ ಅಳೆಯುವ ಕ್ರಮ ಕಡ್ಡಾಯವಾಗಿದೆ. ಅದರ ಪ್ರಕಾರ ನೆಲಮಟ್ಟಕ್ಕಿಂತ ಕೆಳಗಿರುವ ಜಾಗ ಎಷ್ಟೇ ಚೆನ್ನಾಗಿದ್ದರೂ ಮೇಲಿನ ಮನೆಯ ವಿಸ್ತೀರ್ಣಕ್ಕೆ ಸೇರುವುದಿಲ್ಲ, ಬೇರೆಯಾಗಿಯೇ ತೋರಿಸುತ್ತಾರೆ. ಕೊಳ್ಳುವವರಿಗೆ ಬೆಳಕಿರುವ, ಪರ್ಮಿಟ್ ಇರುವ ಬೇಸ್‌ಮೆಂಟ್ ರೂಮು ಇಷ್ಟವಾಗುತ್ತದೆ ನಿಜ. ಅದನ್ನು ಲಾಭ ಎಂದುಕೊಳ್ಳಿ, ಆದರೆ ಅದನ್ನೇ ನಂಬಿ 8,400 ಹಾಕಬೇಡಿ.

ಕಿಟಕಿಯೊಂದರಿಂದ ರೂಮು ಬೆಡ್‌ರೂಮ್ ಆಗುವುದಿಲ್ಲ ಎಂಬುದೂ ನೆನಪಿರಲಿ. ಸೀಲಿಂಗ್ ಏಳಡಿ ಇರಬೇಕು, ರೂಮು ಕನಿಷ್ಠ 70 ಚದರ ಅಡಿ ಇರಬೇಕು. ರೂಮಿನ ಒಳಗೆ ಹೊಗೆ ಅಲಾರಂ ಬೇಕು, ರೂಮಿನ ಹೊರಗಡೆಯೇ ಇನ್ನೊಂದು ಹೊಗೆ ಅಲಾರಂ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕು. ಒಂದು ಕೂಗಿದರೆ ಮನೆಯವೆಲ್ಲ ಕೂಗುವ ಹಾಗೆ ಜೋಡಿಸಿರಬೇಕು. ಅಪ್ಪ ಅಮ್ಮನಿಗೆ ಕಿವಿ ಮಂದವಾಗಿದ್ದರೆ ಇದು ಇನ್ನೂ ಮುಖ್ಯ. ರೇಡಾನ್ ಪರೀಕ್ಷೆಯನ್ನೂ ಮಾಡಿಬಿಡಿ. ಮಣ್ಣಿನಿಂದ ಬೇಸ್‌ಮೆಂಟಿಗೆ ಸೇರುವ, ವಿಕಿರಣ ಸೂಸುವ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪರೀಕ್ಷೆಯ ಕಿಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಲೀಟರಿಗೆ 4 ಪಿಕೋಕ್ಯೂರಿ ಅಥವಾ ಜಾಸ್ತಿ ಬಂದರೆ ಸರಿಪಡಿಸಿ ಎಂದು ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುತ್ತದೆ.

ಕೆನಡಾದ ಬ್ರಾಂಪ್ಟನ್, ಮಿಸ್ಸಿಸಾಗದಲ್ಲಿ ಬೇಸ್‌ಮೆಂಟ್ ಬಾಡಿಗೆಗೆ ಕೊಡುವ ಕನ್ನಡಿಗರಿಗೂ ಇದೇ ಚಿಂತೆ ಇರುತ್ತದೆ. ಅಲ್ಲಿನ ಅಳತೆ ಬೇರೆ. ತೆರೆದ ಜಾಗ 0.35 ಚದರ ಮೀಟರ್, ಯಾವ ಕಡೆಯೂ 380 ಮಿಲಿಮೀಟರಿಗೆ ಕಡಿಮೆ ಇರಬಾರದು. ಅಮೆರಿಕದ ಅಂಕಿಗಳನ್ನು ಅಲ್ಲಿಗೆ ಹೊಂದಿಸಲು ಹೋಗಬೇಡಿ, ನಿಮ್ಮ ನಗರದ ಕಟ್ಟಡ ವಿಭಾಗವನ್ನೇ ಕೇಳಿ.

ನಿಮ್ಮ ವಿಷಯಕ್ಕೆ ನನ್ನ ಸಲಹೆ ಎರಡನೆಯ ಕೊಟೇಶನ್, ಕೆಲವು ಬದಲಾವಣೆಯೊಂದಿಗೆ. ಅವರಿಗೆ ಫೋನ್ ಮಾಡಿ ಇಷ್ಟು ಕೇಳಿ. ಡ್ರೇನ್ ಪೈಪು ಫುಟಿಂಗಿನ ಡ್ರೇನ್ ಟೈಲಿಗೆ ಸೇರುತ್ತದಾ, ಅಥವಾ ಜಲ್ಲಿಯಲ್ಲೇ ನಿಲ್ಲುತ್ತದಾ? ಕಿಟಕಿಯ ನೆಟ್ ಕ್ಲಿಯರ್ ಓಪನಿಂಗ್ ಎಷ್ಟು? ಸಿಲ್ 36 ಇಂಚಿಗೆ ಇಳಿಸಿ, ತಗಡಿನ ವೆಲ್ ಬದಲು ಮೆಟ್ಟಿಲಿನ ವೆಲ್ ಹಾಕಿದರೆ ಎಷ್ಟು ಜಾಸ್ತಿ? ಸಾವಿರ, ಸಾವಿರದಿನ್ನೂರು ಡಾಲರಿನೊಳಗೆ ಹೇಳಿದರೆ ಒಪ್ಪಿಕೊಳ್ಳಿ. ಉತ್ತರಗಳು ಕೊಟೇಶನ್ ಕಾಗದದ ಮೇಲೆ ಬರಲಿ. ಒಳಗಿನ ಡ್ರೈವಾಲ್, ಪೇಂಟ್ ನೀವೇ ಮಾಡಿಕೊಳ್ಳುತ್ತೇವೆ ಅಂದರೆ ಅಷ್ಟು ಕಡಿಮೆ ಮಾಡಿಸಬಹುದು. ಕತ್ತರಿಸುವ ಕೆಲಸಕ್ಕೆ ಮಾತ್ರ ನೀವು ಕೈ ಹಾಕಬೇಡಿ.

ಕೆಲಸ ಶುರುವಾದರೆ ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ತಡವಾಗುವುದು ಪರ್ಮಿಟ್ಟಿಗೆ ಮತ್ತು ಕಂಟ್ರಾಕ್ಟರ್ ಕೈ ಬಿಡುವಾಗುವುದಕ್ಕೆ. ಮಣ್ಣಿನ ಹೆಪ್ಪು ಕರಗಿದ ಕೂಡಲೇ ಎಲ್ಲರೂ ಒಟ್ಟಿಗೆ ಅವರನ್ನು ಕರೆಯುತ್ತಾರೆ. ಅಪ್ಪ ಅಮ್ಮ ಮೇ ತಿಂಗಳಲ್ಲಿ ಬರುವುದಾದರೆ ಪರ್ಮಿಟ್ ಅರ್ಜಿ ಈ ವಾರವೇ ಹೋಗಲಿ.